ಗೆಳೆಯನಿಗೊಂದು ಪತ್ರ: ನೀನು ಅವತ್ತು ಕೇಳಿದ್ದಕ್ಕೆ ಉತ್ತರ

ಪ್ರೀತಿಯ ಕ್ಯಾಪ್ಟನ್,

ಐದು ವಾರದ ಹಿಂದೆ, ನಾನು ಬೆಕ್ಕಿನ ಮರಿ ತಂದ ಫೋಟೋ ನೋಡಿ, ನೀನು ಒಂದೇ ಸಾಲಿನ ಮೆಸೇಜು ಕಳಿಸಿದ್ದೆ. "ತಾಯಿ ಬೆಕ್ಕನ್ನು ನೋಡಿದ್ಯಾ?" ನಾನು ಉತ್ತರ ಕೊಡಲಿಲ್ಲ. ಮರಿಯ ಇನ್ನೊಂದು ಫೋಟೋ ಕಳಿಸಿದೆ. ನೀನು ಮತ್ತೆ ಕೇಳಲೂ ಇಲ್ಲ. ಹರಿಹರದ ಸೇತುವೆ ಮೇಲೂ ಹೀಗೇ ಮಾಡಿದ್ದೆ, ಒಂದು ಸಲ ಕೇಳಿ ಸುಮ್ಮನಾಗಿಬಿಟ್ಟಿದ್ದೆ.

ಈ ಪತ್ರ ನಿನಗೇ. ಆದರೆ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ಮರಿ ಬಂದ ದಿನದ ಫೋಟೋವನ್ನೂ ಎಲ್ಲರಿಗೂ ಕಾಣುವ ಹಾಗೇ ಹಾಕಿದ್ದೆ ಅಲ್ವಾ. ಅದನ್ನು ನೋಡಿದವರು ಇದನ್ನೂ ಓದಲಿ.

ಮೊದಲು ಅವಳ ಸುದ್ದಿ. ಹೆಸರು ಮಂಡಕ್ಕಿ. ಯಾಕೆ ಅಂತ ನಿನಗೆ ಹೇಳಬೇಕಾಗಿಲ್ಲ. ಬಿಳಿ ಪರ್ಷಿಯನ್, ಹೆಣ್ಣು. ನಿನ್ನೆಯ ತೂಕ 1 ಕಿಲೋ 80 ಗ್ರಾಂ. ಅಡುಗೆಮನೆಯ ತಕ್ಕಡಿ ಮೇಲೆ ಸ್ಟೀಲ್ ಡಬ್ಬಿ ಇಟ್ಟು ಅದರಲ್ಲಿ ಕೂರಿಸುತ್ತೇನೆ. ಮರಿ ವಾರಕ್ಕೆ ಹೆಚ್ಚೂಕಮ್ಮಿ 100 ಗ್ರಾಂ ಏರಬೇಕು. ಏರುತ್ತಿದ್ದಾಳೆ. ಬಿಳಿ ಬೆಕ್ಕಿನ ಕಣ್ಣು ನೀಲಿಯಾಗೇ ಉಳಿದರೆ ಹುಟ್ಟು ಕಿವುಡು ಇರುವ ಸಾಧ್ಯತೆ ಜಾಸ್ತಿಯಂತೆ. ಅದಕ್ಕೇ ಮೊದಲ ಎರಡು ದಿನ ಅವಳ ಬೆನ್ನ ಹಿಂದೆ ಬೀಗದ ಕೈ ಅಲ್ಲಾಡಿಸುತ್ತಾ ಓಡಾಡಿದೆ. ಅವಳು ತಿರುಗಲೇ ಇಲ್ಲ. ಮೂರನೇ ದಿನ ಬೆಳಿಗ್ಗೆ ಕುಕ್ಕರ್ ಕೂಗಿತು. ಒಂದೇ ನೆಗೆತಕ್ಕೆ ಮಂಚದ ಕೆಳಗೆ ಸೇರಿಕೊಂಡಳು. ನನಗೆ ಖುಷಿಗೆ ಕಣ್ಣಲ್ಲಿ ನೀರು ಬಂತು.

ತಯಾರಿಯನ್ನು ಎರಡು ತಿಂಗಳು ಮೊದಲೇ ಶುರು ಮಾಡಿದ್ದೆ. ನಮ್ಮದು ನಾಲ್ಕನೇ ಮಹಡಿ. ಬೆಂಗಳೂರಿನಲ್ಲಿ ಪಾರಿವಾಳದ ನೆಟ್ ಹಾಕುವವರು ಎಲ್ಲಾ ಕಡೆ ಸಿಗುತ್ತಾರೆ. ಆದರೆ ನೈಲಾನ್ ಬಲೆ ಬೆಕ್ಕಿನ ಹಲ್ಲಿಗೆ ತಡೆಯುವುದಿಲ್ಲ. ಅದಕ್ಕೆ ಬಾಲ್ಕನಿಯ ಕೆಳಗಿನ ಮೂರಡಿಗೆ ಕಬ್ಬಿಣದ ಜಾಲರಿ ಹಾಕಿಸಿದೆ. ಬೆಕ್ಕು ಎಲ್ಲಿಂದ ಬಿದ್ದರೂ ಕಾಲೂರಿ ನಿಲ್ಲುತ್ತೆ ಅಂತ ನಮ್ಮಲ್ಲಿ ಹೇಳುತ್ತಾರಲ್ಲ, ಅದನ್ನು ನಂಬಬೇಡ. ಕಾಲೂರಿ ಬಿದ್ದರೂ ದವಡೆ ಒಡೆಯುತ್ತೆ, ಎದೆಗೆ ಪೆಟ್ಟಾಗುತ್ತೆ.

ಆಮೇಲೆ ಮನೆಯನ್ನು ಬೆಕ್ಕಿನ ಕಣ್ಣಿಂದ ನೋಡುತ್ತಾ ಹೋದೆ. ಹೂದಾನಿಯ ಲಿಲ್ಲಿ ಹೋಯಿತು. ಅದರ ಪರಾಗ ಮೈಗೆ ಅಂಟಿ, ಅದನ್ನು ನೆಕ್ಕಿಕೊಂಡರೂ ಎರಡು ಮೂರು ದಿನದಲ್ಲಿ ಬೆಕ್ಕಿನ ಕಿಡ್ನಿ ಕೈಕೊಡುತ್ತೆ. ಮೇಜಿನ ಮೇಲಿದ್ದ ಪ್ಯಾರಾಸಿಟಮಾಲ್ ಬೀರುವಿನೊಳಗೆ ಹೋಯಿತು. ನಮಗೆ ಜ್ವರ ಇಳಿಸುವ ಒಂದು ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಹುದು. ನೀಲಗಿರಿ ಎಣ್ಣೆ, ನುಸಿಗುಳಿಗೆ, ನಾಯಿಯ ಚಿಗಟಕ್ಕೆ ಹಾಕುವ ಪರ್ಮೆಥ್ರಿನ್ ಔಷಧ, ಒಂದೂ ಆಗಬಾರದು. ಅವಳ ಬುಟ್ಟಿಗೆ ಅಂತ ಅಮ್ಮನ ಹಳೇ ಕಾಟನ್ ಸೀರೆ ತಂದಿದ್ದೆ. ಅದರ ತುಂಬಾ ನುಸಿಗುಳಿಗೆಯ ವಾಸನೆ. ಎರಡು ಸಲ ಒಗೆದು ಮೂರು ದಿನ ಬಿಸಿಲಿಗೆ ಹಾಕಿದೆ.

ಮಲಮೂತ್ರದ ಟ್ರೇಗೆ ಒಂದು ಲೆಕ್ಕ ಇದೆ. ಮನೆಯಲ್ಲಿ ಎಷ್ಟು ಬೆಕ್ಕೋ ಅದಕ್ಕಿಂತ ಒಂದು ಟ್ರೇ ಜಾಸ್ತಿ ಇರಬೇಕು. ಅಂದರೆ ಒಂದು ಬೆಕ್ಕಿಗೆ ಎರಡು. ಊಟದ ತಟ್ಟೆಯಿಂದ ದೂರ, ಗದ್ದಲ ಇಲ್ಲದ ಕಡೆ. ಚಿಕ್ಕ ಮರಿಗೆ ಗಟ್ಟಿಯಾಗಿ ಉಂಡೆ ಕಟ್ಟುವ ಮರಳು ಬೇಡ, ಅವು ಅದನ್ನು ತಿಂದು ನೋಡುತ್ತವೆ. ನಾನು ಪೈನ್ ಮರದ ಹೊಟ್ಟಿನ ಕಾಳು ತಂದೆ.

ಊಟದ್ದೇ ದೊಡ್ಡ ಕಥೆ. ನಮ್ಮ ಮನೆಯಲ್ಲಿ ಮೊಟ್ಟೆಯೂ ಬರುವುದಿಲ್ಲ ಅಂತ ನಿನಗೆ ಗೊತ್ತು. ಬೆಕ್ಕಿಗೆ ಮಾಂಸ ಬೇಕೇ ಬೇಕು. ಟೌರಿನ್ ಅನ್ನೋ ಅಂಶ ಅದರ ಮೈಯಲ್ಲಿ ಸಾಕಷ್ಟು ತಯಾರಾಗುವುದಿಲ್ಲ, ಗಿಡದಿಂದ ಬರುವ ಆಹಾರದಲ್ಲೂ ಸಿಗುವುದಿಲ್ಲ. ಅದು ಕಡಿಮೆಯಾದರೆ ಕಣ್ಣು ಹೋಗುತ್ತೆ, ಹೃದಯ ಸೋಲುತ್ತೆ. ಹಾಲನ್ನ ಹಾಕಿ ಬೆಳೆಸುತ್ತೇನೆ ಅನ್ನುವ ಹಾಗಿಲ್ಲ. ಹಾಲಂತೂ ಹೆಚ್ಚಿನ ಬೆಕ್ಕುಗಳಿಗೆ ಹೊಟ್ಟೆ ಕೆಡಿಸುತ್ತೆ. ಇದನ್ನೆಲ್ಲ ಅಮ್ಮನಿಗೆ ಹೇಗೆ ಹೇಳುವುದು ಅಂತ ವಾರಗಟ್ಟಲೆ ಒದ್ದಾಡಿದೆ. ಕೊನೆಗೆ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಆ ಕಡೆ ಮಾತಿಲ್ಲ. ಆಮೇಲೆ, "ಅದರ ಹೊಟ್ಟೆ ಶಿವ ಕೊಟ್ಟಿದ್ದು. ನಿನ್ನ ಹೊಟ್ಟೆ ತರ ಇರಬೇಕು ಅಂತ ಯಾಕೆ ಅಂದ್ಕೋತೀಯ? ಪಾತ್ರೆ ಮಾತ್ರ ಬೇರೆ ಇಡು," ಅಂದಳು. ಈಗ ಬಾಲ್ಕನಿಯ ಮೂಲೆಯಲ್ಲಿ ಮಂಡಕ್ಕಿಯದೇ ಪಾತ್ರೆ, ಅವಳದೇ ಚಮಚ. ದಿನಕ್ಕೆ ನಾಲ್ಕು ಸಲ ಮರಿಗಳ ಆಹಾರ, ಮೇಲೆ ಸ್ವಲ್ಪ ಬೇಯಿಸಿದ ಕೋಳಿ.

ಇಷ್ಟೆಲ್ಲ ಮಾಡಿದ್ದೆ. ನೀನು ಕೇಳಿದ ಒಂದು ವಿಷಯ ಮಾತ್ರ ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ.

ಮಾರಿದವರು ಮರಿಗೆ ಎರಡೂವರೆ ತಿಂಗಳು ಅಂದಿದ್ದರು. ಎರಡನೇ ದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಬಾಯಿ ತೆರೆದು ಹಲ್ಲು ನೋಡಿದರು. ದವಡೆಯ ಹಿಂದಿನ ಹಾಲುಹಲ್ಲು ಇನ್ನೂ ಪೂರ್ತಿ ಬಂದಿರಲಿಲ್ಲ. ಕಣ್ಣಿನ ಮರಿನೀಲಿ ಇನ್ನೂ ಬದಲಾಗಲು ಶುರುವಾಗಿರಲಿಲ್ಲ. ತೂಕ 620 ಗ್ರಾಂ. "ಇವಳಿಗೆ ಆರು ವಾರ ಇರಬಹುದು," ಅಂದರು. ಲಸಿಕೆಯ ಕಾರ್ಡಿನಲ್ಲಿ ತಾರೀಕು ಇತ್ತು. ಬಾಟಲಿಯಿಂದ ಕಿತ್ತು ಅಂಟಿಸುವ ಚೀಟಿ ಇರಲಿಲ್ಲ, ಡಾಕ್ಟರ ಸಹಿಯೂ ಇರಲಿಲ್ಲ. ಹಾಗಾಗಿ ಲೆಕ್ಕ ಮೊದಲಿಂದ ಶುರುವಾಯಿತು. ಎಂಟನೇ ವಾರಕ್ಕೆ ಮೊದಲ ಲಸಿಕೆ ಆಯಿತು. ಮುಂದಿನ ವಾರ ಎರಡನೆಯದು, ಅದರ ಜೊತೆ ರೇಬೀಸ್. ಹದಿನಾರಕ್ಕೆ ಕೊನೆಯದು.

ಬ್ರಿಟನ್ನಿನಲ್ಲಿ ಜಿಸಿಸಿಎಫ್ ಅಂತ ಬೆಕ್ಕಿನ ತಳಿ ನೋಂದಾಯಿಸುವ ಸಂಸ್ಥೆ ಇದೆ, 1910ರದು. ಅವರು 13 ವಾರ ಆಗುವ ತನಕ ಮರಿಯನ್ನು ಕೊಡಬೇಡಿ ಅನ್ನುತ್ತಾರೆ. ಹೆಲ್ಸಿಂಕಿ ವಿಶ್ವವಿದ್ಯಾಲಯದವರು 2017ರಲ್ಲಿ ಸುಮಾರು 5,700 ಬೆಕ್ಕುಗಳ ಬಗ್ಗೆ ಸಾಕಿದವರನ್ನು ಕೇಳಿ ನೋಡಿದ್ದರು. 8 ವಾರದೊಳಗೆ ತಾಯಿಯಿಂದ ಬೇರೆಯಾದವು ದೊಡ್ಡವಾದ ಮೇಲೆ ಜಾಸ್ತಿ ಸಿಡುಕುತ್ತಿದ್ದವು. ಎಷ್ಟು ಜೋರಾಗಿ ಕಚ್ಚಬಹುದು, ಎಲ್ಲಿ ಬಿಡಬೇಕು ಅನ್ನುವುದನ್ನು ಮರಿ ತಾಯಿಯ ಹತ್ತಿರ, ಒಡಹುಟ್ಟಿದವರ ಹತ್ತಿರ ಕಲಿಯುತ್ತೆ. ಆ ಪಾಠವನ್ನು ಈಗ ನನ್ನ ಕೈ ಕಲಿಸುತ್ತಿದೆ.

ರಾತ್ರಿ ಅವಳು ಏನು ಮಾಡುತ್ತಾಳೆ ಗೊತ್ತಾ? ಅಮ್ಮನ ಸೀರೆಯ ಒಂದು ತುದಿಯನ್ನು ಬಾಯಲ್ಲಿ ಹಿಡಿದು ಚೀಪುತ್ತಾಳೆ. ಮುಂಗಾಲು ಎರಡರಲ್ಲೂ ಒತ್ತುತ್ತಾಳೆ, ಒಂದಾದ ಮೇಲೊಂದು. ಹಾಲು ಬರಲಿ ಅಂತ ತಾಯಿಯ ಮೊಲೆಯನ್ನು ಒತ್ತುವ ಹಾಗೆ. ಬೆಳಿಗ್ಗೆ ಆ ತುದಿ ತೊಯ್ದು ಹಸಿಯಾಗಿರುತ್ತೆ. ಮೊದಲ ರಾತ್ರಿ ಮುದ್ದಾಗಿದೆ ಅಂತ ವಿಡಿಯೋ ಮಾಡಿದೆ. ಡಾಕ್ಟರು ವಯಸ್ಸು ಹೇಳಿದ ಮೇಲೆ ಆ ವಿಡಿಯೋವನ್ನು ಮತ್ತೆ ನೋಡಲು ಆಗಲಿಲ್ಲ.

ಅವಳ ಉಸಿರೂ ಕೇಳಿಸುತ್ತೆ. ಮಾರುವವರ ಭಾಷೆಯಲ್ಲಿ ಡಾಲ್ ಫೇಸ್, ಸೆಮಿ ಪಂಚ್, ಪಂಚ್ ಫೇಸ್ ಅಂತ ಇದೆ. ಮೂಗು ಒಳಗೆ ಹೋದಷ್ಟೂ ಬೆಲೆ ಮೇಲೆ. ನಾನು ಪಂಚ್ ಫೇಸೇ ಬೇಕು ಅಂದಿದ್ದೆ, 28,000 ಕೊಟ್ಟೆ. ಆ ಮುಖ ಹುಟ್ಟಿನಿಂದ ಬಂದ ಮುಖ, ಆದರೆ ಮನುಷ್ಯರು ಆರಿಸಿ ಆರಿಸಿ ಬೆಳೆಸಿದ್ದು. 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಬೆಕ್ಕಿನ ಪ್ರದರ್ಶನ ನಡೆದಾಗ ಪರ್ಷಿಯನ್ ಬೆಕ್ಕಿಗೆ ಸರಿಯಾದ ಮೂಗು ಇತ್ತು. ಈಗ ಮೂಗಿನ ಹೊಳ್ಳೆ ಕಿರಿದು. ಕಣ್ಣೀರು ಇಳಿಯುವ ನಾಳ ಮಡಚಿಕೊಂಡು ನೀರು ಕೆನ್ನೆ ಮೇಲೆ ಹರಿಯುತ್ತೆ. ದಿನಾ ಎರಡು ಹೊತ್ತು ಹತ್ತಿ ಒದ್ದೆ ಮಾಡಿ ಅವಳ ಕಣ್ಣಿನ ಮೂಲೆ ಒರೆಸುತ್ತೇನೆ. ಅವಳು ತಾಳ್ಮೆಯಿಂದ ಮುಖ ಕೊಡುತ್ತಾಳೆ. ನನಗೆ ಚೆಂದ ಕಂಡದ್ದೇ ಅವಳಿಗೆ ಕಷ್ಟ. ಒರೆಸುವಾಗಲೆಲ್ಲ ಇದು ನೆನಪಾಗುತ್ತೆ.

ಸರಿ, ನಿನ್ನ ಪ್ರಶ್ನೆ.

ನೋಡಿದೆ ಕಣೋ. ತಾಯಿಯನ್ನು ನೋಡಿದೆ.

ಮುಂದಿನ ಕೋಣೆಯಲ್ಲಿ ಸೋಫಾ, ಮೇಲೆ ಸ್ನಾನ ಮಾಡಿಸಿ ಬಾಚಿದ ಮೂರು ಮರಿ. ತಾಯಿ ಎಲ್ಲಿ ಅಂತ ಕೇಳಿದೆ. ಮಲಗಿದೆ ಅಂದರು. ಮರಿಯನ್ನು ಬುಟ್ಟಿಗೆ ಹಾಕುವಾಗ ಅದು ಒಮ್ಮೆ ಕೂಗಿತು. ಒಳಗಿನಿಂದ ಉತ್ತರ ಬಂತು. ಬಾಗಿಲು ಅರ್ಧ ತೆರೆದಿತ್ತು. ಒಂದರ ಮೇಲೊಂದು ಪಂಜರ. ಕೆಳಗಿನದರಲ್ಲಿ ಬಿಳಿ ಬೆಕ್ಕು. ಕಣ್ಣಿನಿಂದ ಬಾಯಿಯ ತನಕ ಕಂದು ಕಲೆ. ಹೊಟ್ಟೆಯ ಕೂದಲು ಉದುರಿ ಚರ್ಮ ಕಾಣುತ್ತಿತ್ತು. ಕಂಬಿಗೆ ಮುಖ ಒತ್ತಿಕೊಂಡು ನಿಂತಿತ್ತು. ನನ್ನ ಕಡೆ ನೋಡಲಿಲ್ಲ. ಬುಟ್ಟಿಯನ್ನೇ ನೋಡುತ್ತಿತ್ತು.

ಮುಂಗಡ ಕೊಟ್ಟಾಗಿತ್ತು. ಎಲ್ಲರಿಗೂ ಹೇಳಿಯಾಗಿತ್ತು. ಮರಿ ಚಿಕ್ಕದು ಅಂತ ನನಗೆ ಆಗಲೇ ಅನ್ನಿಸಿತ್ತು, ಹಲ್ಲು ನೋಡುವ ಡಾಕ್ಟರೇ ಬೇಕಾಗಿರಲಿಲ್ಲ. ಕೇಳಿದರೆ ಬಿಟ್ಟು ಬರಬೇಕಾಗುತ್ತೆ ಅಂತ ಕೇಳಲಿಲ್ಲ. ಉಳಿದ ದುಡ್ಡು ಕೊಟ್ಟು ಹೊರಟೆ. ಮೆಟ್ಟಿಲು ಇಳಿಯುವ ತನಕ ಆ ಕೂಗು ಕೇಳಿಸುತ್ತಲೇ ಇತ್ತು.

ಇಷ್ಟೇ ಬರೆಯಬೇಕು ಅಂತ ಕೂತಿದ್ದೆ. ಇನ್ನೊಂದಿದೆ. ಫೋಟೋ ನೋಡಿ ಮಾರಿದವರ ನಂಬರು ಕೇಳಿದರು, ಕೊಟ್ಟೆ. ಮೂರು ಜನಕ್ಕೆ. ಡಾಕ್ಟರು ಆರು ವಾರ ಅಂತ ಹೇಳಿದ ಮೇಲೂ ಒಬ್ಬರಿಗೆ ಕೊಟ್ಟೆ. ಯಾಕೆ ಅಂದರೆ, ಕೊಡದಿದ್ದರೆ ಕಾರಣ ಹೇಳಬೇಕಾಗುತ್ತಿತ್ತು. ಅವರು ಮಂಡಕ್ಕಿಯ ಅಣ್ಣನನ್ನೇ ತಂದರು. ಅವರಿಗೆ ನಿನ್ನೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈಗ ಓದುತ್ತಿರುವ ನೀವು ಯಾರಾದರೂ ನಂಬರು ಕೇಳಿದರೆ ಕೊಡುವುದಿಲ್ಲ. ತಾಯಿಯನ್ನು ತೋರಿಸದ ಮನೆಯಿಂದ ಮರಿ ತರಬೇಡಿ. ಪರ್ಷಿಯನ್ ಆದರೆ ತಾಯಿ ತಂದೆ ಇಬ್ಬರದೂ ಪಿಕೆಡಿ ಪರೀಕ್ಷೆಯ ರಿಪೋರ್ಟು ಕೇಳಿ. ಕಿಡ್ನಿಯಲ್ಲಿ ನೀರುಗುಳ್ಳೆ ಬೆಳೆಯುವ ಕಾಯಿಲೆ ಅದು, ತಳಿಯಲ್ಲೇ ಬರುತ್ತೆ. ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೂ ಸರಾಸರಿ ಅರ್ಧ ಮರಿಗಳಿಗೆ ಬರುತ್ತೆ. ಎಷ್ಟೋ ವರ್ಷ ಏನೂ ಗೊತ್ತಾಗುವುದಿಲ್ಲ. ಏಳರ ಆಸುಪಾಸಿನಲ್ಲಿ ಕಿಡ್ನಿ ಸೋಲಲು ಶುರುವಾಗುತ್ತೆ. 2004ರಲ್ಲೇ ಇದರ ಜೀನ್ ಸಿಕ್ಕಿದೆ, ಕೆನ್ನೆಯ ಒಳಗಿನಿಂದ ಹತ್ತಿಕಡ್ಡಿಯಲ್ಲಿ ತೆಗೆದ ಮಾದರಿ ಸಾಕು. ನಾನು ಕೇಳಿರಲಿಲ್ಲ. ಮಂಡಕ್ಕಿಯ ಮಾದರಿ ಹೋದ ವಾರ ಕಳಿಸಿದ್ದೇನೆ. ರಿಪೋರ್ಟು ಬಂದಿಲ್ಲ.

ಮೊನ್ನೆ ಮಾರಿದವರಿಗೂ ಫೋನ್ ಮಾಡಿದೆ. ಜಗಳಕ್ಕಲ್ಲ. ತಾಯಿ ಹೇಗಿದೆ ಅಂತ ಕೇಳಿದೆ. "ಚೆನ್ನಾಗಿದೆ, ಮತ್ತೆ ಕ್ರಾಸ್ ಆಗಿದೆ," ಅಂದರು. ಆಗ ನನಗೆ ಹೊಳೆಯಿತು. ಹಾಲು ಕುಡಿಯುವ ಮರಿಗಳನ್ನು ಬೇಗ ಬಿಡಿಸಿದರೆ ತಾಯಿ ಬೇಗ ಹೀಟಿಗೆ ಬರುತ್ತೆ. ಬೆಕ್ಕಿನ ಬಸಿರು ಒಂಬತ್ತು ವಾರ. ಮಂಡಕ್ಕಿ ಆರನೇ ವಾರಕ್ಕೆ ನನ್ನ ಮನೆಗೆ ಬಂದದ್ದು ಯಾಕೆ ಅಂತ ಇದರಲ್ಲೇ ಇದೆ. ನನ್ನ ದುಡ್ಡೂ ಆ ಲೆಕ್ಕದಲ್ಲಿ ಸೇರಿದೆ.

ಸಾಕು. ಇದಕ್ಕಿಂತ ಹೆಚ್ಚು ಬರೆದರೆ ನೀನು ರಾತ್ರಿ ಬಸ್ಸು ಹತ್ತಿಬಿಡುತ್ತೀಯ. ನಿನಗೆ ಆ ಚಟ ಇದೆ.

ಹತ್ತುವುದಾದರೆ ಹತ್ತು. ಬರುವಾಗ ಭಟ್ಟಿಯಿಂದ ಬಿಸಿ ಮಂಡಕ್ಕಿ ತಾ, ಎರಡು ಸೇರು. ಹೆಸರಿನವಳ ಮುಂದೆ ಅದನ್ನು ಸುರಿದು ನೋಡೋಣ. ಲಿಲ್ಲಿ ಹೂವು ಮಾತ್ರ ತರಬೇಡ. ಪಕ್ಕದ ಮನೆಯವರು ಈಗಲೇ, "ದೊಡ್ಡವಳಾದ ಮೇಲೆ ಕ್ರಾಸಿಂಗಿಗೆ ಕೊಡ್ತೀರಾ?" ಅಂತ ಕೇಳಿಯಾಯಿತು. ಇಲ್ಲ ಅಂದೆ. ಐದನೇ ತಿಂಗಳಿಗೆ ಆಪರೇಷನ್ ಮಾಡಿಸುತ್ತೇನೆ. ಈ ಸಾಲು ಬರೆಯುವಾಗ ಅವಳು ನನ್ನ ಚಪ್ಪಲಿಯೊಳಗೆ ಮುಖ ಇಟ್ಟು ನಿದ್ದೆ ಮಾಡುತ್ತಿದ್ದಾಳೆ. ಆ ಪುಟ್ಟ ಗೊರಕೆ ಕೇಳಿದರೆ ನಿನ್ನ ಹಾಸ್ಟೆಲ್ ರೂಮು ನೆನಪಾಗುತ್ತೆ.

ಹಾಂ, ಒಂದು ಮರೆತೆ. ಮೊನ್ನೆ ಫೋನ್ ಇಡುವ ಮೊದಲು ಮಾರಿದವರನ್ನು ತಾಯಿಯ ಬಗ್ಗೆ ಇನ್ನೊಂದು ಮಾತು ಕೇಳಿದ್ದೆ. "ಈ ಸಲದ ಮರಿಗಳಾದ ಮೇಲೆ ನೋಡೋಣ," ಅಂದರು. ಹಾಗಾಗಿ ನಿನ್ನೆ ಮೂರನೇ ಟ್ರೇಗೆ ಆರ್ಡರ್ ಹಾಕಿದ್ದೇನೆ.

ನಿನ್ನ,
ಗೋಲ್‌ಕೀಪರ್