ಬೀಜದ ಪೊಟ್ಟಣದ ಮೇಲೆ ಊರು, ವರ್ಷ ಬರೆಯಿರಿ

ಮಾನ್ಯರೇ,

ಪತ್ತನಾಜೆ (ಮೇ ಕೊನೆಗೆ ಬರುವ ತುಳುನಾಡಿನ ಆಚರಣೆಯ ದಿನ) ಹತ್ತಿರ ಬಂತೆಂದರೆ ಮಂಗಳೂರು, ಉಡುಪಿಯ ಹಲಸು ಮೇಳ, ಬೀಜ ವಿನಿಮಯಗಳಲ್ಲಿ ‘ಊರಿನ ತಳಿ’ ಎಂದು ಬರೆದ ಪೊಟ್ಟಣಗಳು ಕೈಯಿಂದ ಕೈಗೆ ಹೋಗುತ್ತವೆ. ಒಳ್ಳೆಯದೇ. ಆದರೆ ಯಾವ ಊರಿನದು, ಯಾವ ವರ್ಷದ್ದು, ನೂರಕ್ಕೆ ಎಷ್ಟು ಮೊಳೆಯುತ್ತದೆ ಎಂಬುದು ಹೆಚ್ಚಿನ ಪೊಟ್ಟಣಗಳ ಮೇಲೆ ಇರುವುದಿಲ್ಲ. ಬಿಳಿ ಬೆಂಡೆ ಎಂದು ಬಿತ್ತಿದ್ದು ಹಸಿರಾಗಿ ಬಂದರೆ, ಸೌತೆ ಬೀಜ ಮಣ್ಣಲ್ಲೇ ಕೊಳೆತರೆ, ಪಡೆದವರು ಊರಿನ ಬೀಜವನ್ನೇ ಬೈದು ಮರುವರ್ಷ ಅಂಗಡಿಯ ಹೈಬ್ರಿಡ್‌ಗೆ ಹೋಗುತ್ತಾರೆ. ದೋಷವಿರುವುದು ಬೀಜ ತೆಗೆದ ಕ್ರಮದಲ್ಲಿ.

ಮಂಗಳೂರು ಸೌತೆಯನ್ನೇ ನೋಡಿ. ಏಣೆಲು (ಮಳೆಗಾಲದ ಭತ್ತ) ಕೊಯ್ದ ಗದ್ದೆಯಲ್ಲಿ ಬೆಳೆದು, ಬಾಳೆನಾರಿನಲ್ಲಿ ಕಟ್ಟಿ ಮಾಡಿನಿಂದ ತೂಗಿಸಿದರೆ ಆಟಿಯವರೆಗೂ (ಜುಲೈ–ಆಗಸ್ಟ್) ಹುಳಿಗೆ, ಕೊದ್ದೆಲು ಎಂಬ ತೆಂಗಿನಕಾಯಿ ಸಾಂಬಾರಿಗೆ ಒದಗುವ ಕಾಯಿ. ಮುಳ್ಳುಸೌತೆ ಪಕ್ಕದಲ್ಲಿದ್ದರೆ ತಳಿ ಬೆರೆಯುತ್ತದೆ ಎಂದು ಕೆಲವರು ಹೆದರುತ್ತಾರೆ. ಬೆರೆಯುವುದಿಲ್ಲ, ಅವೆರಡೂ ಬೇರೆ ಜಾತಿ. ಹೆದರಬೇಕಾದದ್ದು ಕರಬೂಜಕ್ಕೆ, ಅದರಂಥದೇ ಊರಿನ ಇಬ್ಬುಡ್ಲ ಹಣ್ಣಿಗೆ. ಮಂಗಳೂರು ಸೌತೆಯೂ ಸೇರಿ ಈ ಮೂರೂ ಒಂದೇ ಜಾತಿ. ಜೇನು ಒಂದರ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸುತ್ತದೆ. ಹಾಗೆ ಬೆರೆತದ್ದು ಆ ವರ್ಷದ ಕಾಯಿಯಲ್ಲಿ ತಿಳಿಯುವುದೇ ಇಲ್ಲ. ಬಣ್ಣ, ಪಟ್ಟೆ ಎಲ್ಲ ಸರಿಯಾಗಿಯೇ ಇರುತ್ತದೆ. ಅದರ ಬೀಜ ಬಿತ್ತಿದಾಗಲೇ ಗುಟ್ಟು ಹೊರಬೀಳುವುದು.

ಬೀಜ ಪ್ರಮಾಣೀಕರಣದ ನಿಯಮ ಸೌತೆ, ಕುಂಬಳದ ಬಳಗಕ್ಕೆ ಕನಿಷ್ಠ 500 ಮೀಟರ್ ಅಂತರ ಕೇಳುತ್ತದೆ. ನಮ್ಮ ಹಿತ್ತಿಲು, ತುಂಡು ಗದ್ದೆಗಳಲ್ಲಿ ಅಷ್ಟು ದೂರ ಯಾರಿಗೆ ಸಿಗುತ್ತದೆ? ಆದ್ದರಿಂದ ಕೈಯಲ್ಲೇ ಪರಾಗ ಮುಟ್ಟಿಸಬೇಕು. ಮರುದಿನ ಅರಳಲಿರುವ, ತುದಿ ಹಳದಿಯಾದ ಹೆಣ್ಣು ಮೊಗ್ಗು ಒಂದು (ಬುಡದಲ್ಲಿ ಪುಟ್ಟ ಕಾಯಿ ಇರುತ್ತದೆ), ಬೇರೆ ಬಳ್ಳಿಯ ಗಂಡು ಮೊಗ್ಗು ಎರಡು ಆರಿಸಿ, ಸಂಜೆಯೇ ಅವುಗಳ ಬಾಯಿಯನ್ನು ನೂಲಿನಿಂದ ಕಟ್ಟಿಡಿ. ಬೆಳಿಗ್ಗೆ ಎಂಟರೊಳಗೆ ಗಂಡು ಹೂವಿನ ಎಸಳು ಕಿತ್ತು, ಹೆಣ್ಣು ಹೂವಿನ ಕಟ್ಟು ಬಿಚ್ಚಿ ಅದರ ನಡುವೆ ಗಂಡು ಹೂವನ್ನು ಮೆಲ್ಲಗೆ ಉಜ್ಜಿ, ಮತ್ತೆ ಬಾಯಿ ಕಟ್ಟಿ. ಬಿಸಿಲೇರಿದ ಮೇಲೆ ಮಾಡಿದರೆ ಮಿಡಿ ಹಳದಿಯಾಗಿ ಉದುರುವುದೇ ಹೆಚ್ಚು. ತೊಟ್ಟಿಗೆ ಬಣ್ಣದ ದಾರ ಕಟ್ಟಲು ಮರೆತರೆ ಆ ಕಾಯಿ ಸಾಂಬಾರಿಗೆ ಹೋಗುವುದು ಖಂಡಿತ. ಹೀರೆ, ಸೋರೆ, ಪಡುವಲದ ಹೂ ಸಂಜೆಯ ಮೇಲೆ ಅರಳುವುದರಿಂದ ಅವಕ್ಕೆ ಕಟ್ಟುವ ಕೆಲಸ ಮಧ್ಯಾಹ್ನ, ಮುಟ್ಟಿಸುವ ಕೆಲಸ ದೀಪ ಹಚ್ಚುವ ಹೊತ್ತಿಗೆ.

ಒಂದೇ ಬಳ್ಳಿಯ ಅತಿ ದೊಡ್ಡ ಕಾಯಿಯಿಂದ ಬೀಜ ತೆಗೆದು ಮುಗಿಸಬೇಡಿ. ಐದಾರು ಬಳ್ಳಿಗಳದ್ದು ಬೆರೆಸಿ. ತೂಗಿಸಿಟ್ಟದ್ದರಲ್ಲಿ ಕೊನೆಯವರೆಗೆ ಕೊಳೆಯದೆ ನಿಂತ ಕಾಯಿ ಬೀಜಕ್ಕೆ ಉತ್ತಮ, ಬಾಳಿಕೆಯ ಗುಣ ತಳಿಯಲ್ಲಿ ಉಳಿಯುವುದು ಹಾಗೆಯೇ. ತಿರುಳಿನ ಚೂರು ನಾಲಗೆಗೆ ಹಚ್ಚಿ ನೋಡಿ, ಕಹಿಯಾದರೆ ಬೀಜವನ್ನೂ ಎಸೆಯಿರಿ. ಬೀಜವನ್ನು ತಿರುಳಿನೊಂದಿಗೆ ಒಂದು ದಿನ ಹುಳಿಯಲು ಬಿಟ್ಟು ತೊಳೆದು, ತೇಲಿದ್ದನ್ನು ಚೆಲ್ಲಿ. ನಮ್ಮ ಸೆಕೆಗೆ ಎರಡು ದಿನ ದಾಟಿದರೆ ಪಾತ್ರೆಯಲ್ಲೇ ಮೊಳಕೆಯೊಡೆಯುತ್ತದೆ.

ಹರಿವೆಯಲ್ಲಿ ಆಗುವ ತಪ್ಪು ಬೇರೆ. ಮೊದಲು ಕದಿರು ಹಾಕಿದ ಗಿಡದ ಬೀಜ ಉದುರಿಸಿಕೊಳ್ಳುವುದು ಸುಲಭ, ಆದ್ದರಿಂದ ಎಲ್ಲರೂ ಅದನ್ನೇ ಇಡುತ್ತಾರೆ. ವರ್ಷ ಕಳೆದಂತೆ ದಂಟು ದಪ್ಪವಾಗುವ ಮೊದಲೇ ಹೂವಿಗೆ ಓಡುವ ತಳಿ ಕೈಗೆ ಉಳಿಯುತ್ತದೆ. ಬೇಗ ಕದಿರು ಬಿಟ್ಟವನ್ನು ಕಿತ್ತು ಪಲ್ಯ ಮಾಡಿ, ತಡವಾದವನ್ನು ಬಿಡಿ. ಬೆಂಡೆಯಲ್ಲೂ ತಿಂದು ಮಿಕ್ಕ ಕೊನೆಯ ಕಾಯಿ ಬೀಜಕ್ಕೆಂಬ ರೂಢಿ ಬೇಡ. ಒಳ್ಳೆಯ ಏಳೆಂಟು ಗಿಡ ಗುರುತಿಸಿ ಅವುಗಳ ನಡುಪ್ರಾಯದ ಕಾಯಿಗಳನ್ನು ಮುಟ್ಟದೆ ಒಣಗಲು ಬಿಡಿ. ಅಲಸಂಡೆಯಲ್ಲಿ ಎಲೆ ಮುದುಡಿ ಹಳದಿ-ಹಸಿರು ಮಚ್ಚೆಯಾದ ಗಿಡದ ಕಾಳು ಇಡಲೇಬೇಡಿ, ಆ ನಂಜುರೋಗ (ವೈರಸ್) ಬೀಜದಲ್ಲೇ ದಾಟುತ್ತದೆ. ಕಾಳು ಕೊರೆಯುವ ಹುಳು ಗದ್ದೆಯಲ್ಲೇ ಕೋಡಿನ ಮೇಲೆ ಮೊಟ್ಟೆಯಿಡುವುದರಿಂದ ಡಬ್ಬ ಎಷ್ಟು ಬಿಗಿಯಾಗಿದ್ದರೂ ಸಾಲದು. ಒಣಗಿದ ಕಾಳಿಗೆ ಕಿಲೋಗೆ ಎರಡು ಚಮಚ ತೆಂಗಿನೆಣ್ಣೆ ಸವರಿಡಿ.

ಸೋದೆ ಮಠದ ವಾದಿರಾಜರು ಕೊಟ್ಟ ಬೀಜವೆಂದು ನಂಬುವ, ಉಡುಪಿ ಬಳಿಯ ಮಟ್ಟು ಊರಿನ ಬದನೆ ಮಟ್ಟು ಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಸೂಚಿ (ಆ ಊರಿನ ಬೆಳೆಗಷ್ಟೇ ಆ ಹೆಸರು ಎಂಬ ನೋಂದಣಿ) ಸಿಕ್ಕಿತು. ಅದು ಹೆಸರನ್ನು ಕಾಯುತ್ತದೆ, ಬೀಜವನ್ನು ಕಾಯುವವರು ಬೆಳೆಗಾರರೇ. ಬದನೆ ಬಹುಪಾಲು ತನ್ನ ಹೂವಿನ ಪರಾಗದಿಂದಲೇ ಕಾಯಿ ಕಟ್ಟಿದರೂ, ಹತ್ತಿರದಲ್ಲಿ ಬೇರೆ ಬದನೆಯಿದ್ದರೆ ದುಂಬಿ ಬೆರೆಸಿಯೇ ಬೆರೆಸುತ್ತದೆ. ಮೊಗ್ಗಿಗೆ ತೆಳು ಬಟ್ಟೆಯ ಚೀಲ ಕಟ್ಟಿ, ಬೆಳಿಗ್ಗೆ ಬೆರಳಿನಿಂದ ತಟ್ಟಿ ಅಲುಗಿಸಿ. ಅಲುಗದಿದ್ದರೆ ಪರಾಗ ಉದುರದು. ಕಾಯಿ ಹಿಡಿದ ಮೇಲೆ ಚೀಲ ಬಿಚ್ಚಿ ಗುರುತು ಕಟ್ಟಿ, ಪೂರ್ತಿ ಹಳದಿಯಾಗುವವರೆಗೆ ಗಿಡದಲ್ಲೇ ಬಿಡಿ. ಸೊರಗು ರೋಗದಲ್ಲಿ ಬಾಡಿದ ಗಿಡದ ಹಣ್ಣು ಎಷ್ಟು ಚಂದವಿದ್ದರೂ ಬೇಡ.

ಇಷ್ಟೆಲ್ಲ ಮಾಡಿಯೂ ಕರಾವಳಿಯಲ್ಲಿ ಬೀಜ ಸಾಯುವುದು ಜೂನ್–ಜುಲೈಯ ತೇವದಿಂದ. ಹಿಂದೆ ಬೀಜಕ್ಕೆ ಬೂದಿ ಬೆರೆಸಿ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು, ಹೊಗೆಯ ಬಿಸಿ ಅದನ್ನು ಒಣದಾಗಿಯೇ ಇಟ್ಟಿರುತ್ತಿತ್ತು. ಗ್ಯಾಸ್ ಒಲೆಯ ಮನೆಯಲ್ಲಿ ಹುರಿದ ಅಕ್ಕಿ ಸಾಕು. ಬೀಜದ ಎರಡು ಪಟ್ಟು ಅಕ್ಕಿ ಕೆಂಪಗೆ ಹುರಿದು, ಮುಚ್ಚಿಟ್ಟು ತಣಿಸಿ, ಗಾಜಿನ ಭರಣಿಯ ತಳಕ್ಕೆ ಹಾಕಿ. ಬೀಜವನ್ನು ಬಟ್ಟೆಯ ಗಂಟಿನಲ್ಲಿ ಅದರ ಮೇಲಿಟ್ಟು ಬಿಗಿಯಾಗಿ ಮುಚ್ಚಿ. ವಾರ ಕಳೆದು ಅಕ್ಕಿ ಬದಲಿಸಿ. ಸೌತೆ ಬೀಜ ಬಗ್ಗದೆ ಚಟ್ಟನೆ ಮುರಿದರೆ ಒಣಗಿದೆ ಎಂದರ್ಥ. ಒಣಗದ ಬೀಜವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟುವುದು ಕೊಲ್ಲುವುದಕ್ಕೆ ಸಮ.

ಮೇಳ ನಡೆಸುವವರಲ್ಲಿ ನಮ್ಮ ಕೋರಿಕೆ ದೊಡ್ಡದೇನಲ್ಲ. ಹಂಚುವ ಹದಿನೈದು ದಿನ ಮೊದಲು ಪ್ರತಿ ಬೀಜದ ಐವತ್ತು ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಸೌತೆಯನ್ನು ಎಂಟನೆಯ ದಿನ, ಬದನೆಯನ್ನು ಹದಿನಾಲ್ಕನೆಯ ದಿನ ಎಣಿಸಿ. ಪ್ರಮಾಣಿತ ಬೀಜದಲ್ಲಿ ಸೌತೆಗೆ ನೂರಕ್ಕೆ 60, ಬದನೆಗೆ 70 ಮೊಳೆಯಬೇಕೆಂಬ ನಿಯಮವಿದೆ. ಅದಕ್ಕಿಂತ ಕಡಿಮೆಯಾದರೆ ಬೀಜ ಹೆಚ್ಚು ಹಾಕಿ ಕೊಡಿ, ಸಂಖ್ಯೆಯನ್ನೂ ಬರೆಯಿರಿ. ಜೊತೆಗೆ ಊರು, ಕೊಯ್ದ ತಿಂಗಳು, ಅಕ್ಕಪಕ್ಕ ಏನು ಬೆಳೆದಿತ್ತು, ಕೈಯಲ್ಲಿ ಪರಾಗ ಮುಟ್ಟಿಸಿದ್ದೋ ಅಲ್ಲವೋ ಎಂಬುದೂ ಇರಲಿ. ಕಾನೂನಿನ ಅಳುಕೂ ಬೇಡ: 2001ರ ಸಸ್ಯ ತಳಿ ರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಸೆಕ್ಷನ್ ಬೀಜವನ್ನು ಉಳಿಸುವ, ಹಂಚುವ, ಮಾರುವ ಹಕ್ಕನ್ನು ರೈತರಿಗೆ ಕೊಟ್ಟಿದೆ, ಆ ಕಾಯ್ದೆಯಡಿ ನೋಂದಾದ ಸಂರಕ್ಷಿತ ತಳಿಯನ್ನು ಬ್ರ್ಯಾಂಡ್ ಹಾಕಿ ಮಾರುವಂತಿಲ್ಲ, ಅಷ್ಟೇ.

ಬೀಜ ಪಡೆದವರೂ ಎಲ್ಲವನ್ನೂ ಒಂದೇ ದಿನ ಬಿತ್ತಬೇಡಿ. ಮೂರನೆಯ ಒಂದು ಪಾಲು ಭರಣಿಯಲ್ಲಿರಲಿ, ಮೊದಲ ಜಡಿಮಳೆಗೆ ಸಸಿ ಕೊಳೆತರೆ ಮತ್ತೆ ಹಾಕಲು ಬೇಕಾಗುತ್ತದೆ.

— ಕೆಲವು ತರಕಾರಿ ಕೃಷಿಕರು, ಉಡುಪಿ