ಬಾಣನನ್ನು ಊರಿಗೆ ಕಳಿಸಬೇಡ

ಚಿರಂಜೀವಿ ತಂಗಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ.

ಕಬ್ಬಿಗೆ ಎರಡನೇ ನೀರು ಬಿಟ್ಟಾಯಿತು. ನಿನ್ನ ಕಾಕುವಿನ ಮೊಣಕಾಲು ಹಾಗೇ ಇದೆ, ಎಣ್ಣೆ ತಿಕ್ಕುವುದು ನಡೆದಿದೆ. ಮೊನ್ನೆ ರಾತ್ರಿ ನೀನು ಫೋನ್ ಮಾಡಿದಾಗ ನಾನು "ವಿಚಾರ ಮಾಡಿ ಹೇಳ್ತೀನಿ" ಎಂದು ಇಟ್ಟುಬಿಟ್ಟೆ. ಸಿಟ್ಟು ಮಾಡಿಕೊಂಡಿದ್ದೀ ಎಂದು ನಿಮ್ಮವ್ವ ಹೇಳಿದಳು. ಫೋನಿನಲ್ಲಿ ನೀನು ಅಳುತ್ತೀ, ನಾನು ಕರಗುತ್ತೇನೆ, ಹೇಳಬೇಕಾದ ಮಾತು ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ಈ ಕಾಗದ.

ನೀನು ಕೇಳಿದ್ದು ಒಂದೇ: "ಬಾಣನ್ನ ಊರಿಗೆ ತಂದು ಬಿಡ್ಲಾ ಕಾಕಾ?" ಬೇಡ. ನಾಯಿಯ ಮೇಲೆ ನನಗೇನು ದ್ವೇಷವಿಲ್ಲ, ಅದನ್ನು ಮರಿ ಇದ್ದಾಗ ಆರಿಸಿ ನಿನ್ನ ಮಡಿಲಿಗೆ ಹಾಕಿದವನೇ ನಾನು. ಆದರೂ ಬೇಡ.

ನಿನ್ನ ಮಹಡಿಯವರ ಸಣ್ಣ ಪೊಮೆರೇನಿಯನ್ ನಾಯಿಯನ್ನು ಬಾಣ ಕಚ್ಚಿದ, ಮೂರನೇ ದಿನಕ್ಕೆ ಅದು ಸತ್ತಿತು. ಅದನ್ನು ನೀನು ಹೇಳಿದ ರೀತಿ ನನಗೆ ಇನ್ನೂ ಕಿವಿಯಲ್ಲಿದೆ. ಬೆಲ್ಟ್ ಜಾರಿತು. ಲಿಫ್ಟಿನ ಬಾಗಿಲು ತೆರೆಯಿತು. ಆ ಪೊಮೆರೇನಿಯನ್ ಬೊಗಳಿತು. ಬಾಣ ಹಾರಿದ. ಬೆಲ್ಟಿದೆ, ಬಾಗಿಲಿದೆ, ಎರಡೂ ನಾಯಿಗಳಿವೆ, ಇಡೀ ಕಥೆಯಲ್ಲಿ ನೀನೊಬ್ಬಳು ಎಲ್ಲಿಯೂ ಇಲ್ಲ ತಂಗಿ. ಹಗ್ಗದ ಈ ತುದಿ ಯಾರ ಕೈಯಲ್ಲಿತ್ತು?

ಬೆಲ್ಟಿನ ಮಾತೇ ಮೊದಲು ಮುಗಿಸೋಣ. ಮುಧೋಳ ನಾಯಿಗೆ ತಲೆ ಸಣ್ಣದು, ಮೂತಿ ಉದ್ದ, ಕುತ್ತಿಗೆ ತಲೆಗಿಂತ ದಪ್ಪ. ಅಂಗಡಿಯಲ್ಲಿ ಸಿಗುವ ಬಕಲ್ ಪಟ್ಟಿ ಎಷ್ಟೇ ಚಂದ ಇರಲಿ, ನಾಯಿ ಹಿಂದಕ್ಕೆ ಜಗ್ಗಿ ತಲೆ ತಗ್ಗಿಸಿದರೆ ಸ್ವೆಟರ್ ಬಿಚ್ಚಿದಂತೆ ಕಿವಿಯ ಮೇಲಿಂದ ಜಾರಿ ಬರುತ್ತದೆ. ನಮ್ಮ ಕಡೆ ಈ ನಾಯಿ ಸಾಕಿದವರಿಗೆಲ್ಲ ಇದು ಗೊತ್ತು. ಎಳೆದಾಗ ತಾನೇ ಬಿಗಿಯಾಗುವ ಅಗಲ ಪಟ್ಟಿ ಬೇಕು, ಪೇಟೆಯಲ್ಲಿ ಅದಕ್ಕೆ ಮಾರ್ಟಿಂಗೇಲ್ ಅನ್ನುತ್ತಾರೆ. ಮರಿ ಕೊಡುವಾಗ ನಾನೂ ಇದನ್ನು ಹೇಳಲಿಲ್ಲ. ಆಗ ಎಲ್ಲರಿಗೂ ಅವಸರ. 2020ರ ಆಗಸ್ಟಿನಲ್ಲಿ ಪ್ರಧಾನಿ 'ಮನ್ ಕಿ ಬಾತ್'ನಲ್ಲಿ ಮುಧೋಳ ನಾಯಿಯ ಹೆಸರು ಹೇಳಿದ್ದೇ ಹೇಳಿದ್ದು, ಬೆಂಗಳೂರು ಪುಣೆಯ ಕಾರುಗಳು ನಮ್ಮ ಹೊಲದ ದಾರಿಗೂ ಬಂದವು. 2005ರಲ್ಲಿ ಅಂಚೆಚೀಟಿಯ ಮೇಲೆ ಇದೇ ನಾಯಿ ಬಂದಾಗ ನಾನು ಹತ್ತು ಚೀಟಿ ಕೊಂಡು ಪೆಟ್ಟಿಗೆಯಲ್ಲಿ ಇಟ್ಟವನು, ಹೆಮ್ಮೆ ನನಗೂ ಇದೆ. ಆದರೆ ಹೆಮ್ಮೆಯಿಂದ ಒಯ್ದವರಲ್ಲಿ ಎಷ್ಟು ಮಂದಿ ಇದು ಏತಕ್ಕೆ ಹುಟ್ಟಿದ ನಾಯಿ ಎಂದು ಕೇಳಿದರು?

ಇದು ಮೂಸಿ ಹುಡುಕುವ ನಾಯಿ ಅಲ್ಲ, ಕಣ್ಣಿನಿಂದ ಬೇಟೆಯಾಡುವ ನಾಯಿ. ಜೋಳದ ಕೂಳೆ ಹೊಲದಲ್ಲಿ ಮೊಲ ಎದ್ದು ಓಡಿದರೆ ಬೆನ್ನು ಹತ್ತಬೇಕು, ಹಿಡಿದು ಒಮ್ಮೆ ಝಾಡಿಸಬೇಕು ಎಂದು ತಲೆತಲಾಂತರದಿಂದ ಆರಿಸಿ ಬೆಳೆಸಿದ ತಳಿ. ಮೊಲದ ಬೇಟೆ ಈಗ ಕಾನೂನಿಗೆ ವಿರುದ್ಧ, ನಿಂತೂ ಹೋಗಿದೆ ಅನ್ನೋಣ, ಆದರೆ ಬಾಣನ ಕಣ್ಣಿಗೆ ಆ ಕಾನೂನು ಯಾರು ಓದಿ ಹೇಳಿದ್ದಾರೆ? ಐದು ಕಿಲೋದ ಬಿಳಿ ಜೀವ ಕಾರಿಡಾರಿನಲ್ಲಿ ತಿರುಗಿ ಓಡಿದರೆ ಅವನಿಗೆ ಅದು ನಾಯಿಯಾಗಿ ಕಾಣುವುದಿಲ್ಲ. ಎರಡು ತಿಂಗಳ ಹಿಂದೆ ಬೇಸ್‌ಮೆಂಟಿನಲ್ಲಿ ಬೆಕ್ಕಿನ ಹಿಂದೆ ಬಿದ್ದಾಗಲೇ ಅವನು ನಿನಗೆ ತಿಳಿಸಿದ್ದ. ನೀನು ಅದನ್ನು ವಿಡಿಯೋ ಮಾಡಿ ನಗುವ ಗೊಂಬೆ ಹಚ್ಚಿ ನನಗೆ ಕಳಿಸಿದೆ. ನಾನು ಹೆಬ್ಬೆರಳಿನ ಚಿತ್ರ ಒತ್ತಿ ಚಹಾ ಕುಡಿಯಲು ಹೋದೆ. ಮೂವತ್ತೊಂದು ವರ್ಷ ದನದ ದವಾಖಾನೆಯಲ್ಲಿ ಕೆಲಸ ಮಾಡಿದವನಿಗೆ ಅಷ್ಟೂ ಹೊಳೆಯಲಿಲ್ಲ ನೋಡು. ಹಾಗಾಗಿ ಈ ತಪ್ಪಿನಲ್ಲಿ ನನ್ನ ಪಾಲನ್ನು ನಾನು ತೆಗೆದಿಟ್ಟುಕೊಂಡೇ ಬರೆಯುತ್ತಿದ್ದೇನೆ.

"ಬರೇ ನಾಲ್ಕು ತೂತು ಇದ್ವು, ರಕ್ತಾನೂ ಭಾಳ ಬರಲಿಲ್ಲ, ಮೂರನೇ ದಿನಕ್ಕೆ ಹೆಂಗ ಸತ್ತಿತು?" ಎಂದು ಕೇಳಿದೆ. ದೊಡ್ಡ ನಾಯಿ ಸಣ್ಣ ನಾಯಿಯನ್ನು ಕಚ್ಚಿದಾಗ ಮೇಲೆ ಕಾಣುವುದು ಅಷ್ಟೇ. ಹಲ್ಲು ಇಳಿದ ಮೇಲೆ ಝಾಡಿಸುತ್ತದಲ್ಲ, ಆಗ ಚರ್ಮ ಜಗ್ಗಿಕೊಂಡು ಉಳಿಯುತ್ತದೆ, ಒಳಗಿನ ಮಾಂಸ ಹರಿಯುತ್ತದೆ, ಪಕ್ಕೆಲುಬು ಮುರಿಯುತ್ತದೆ. ಕೂದಲು ಬೋಳಿಸಿ ನೋಡಿದರೆ ಚರ್ಮದ ಕೆಳಗೆ ಕಪ್ಪು ನೀಲಿ. ಹಲ್ಲಿನ ಜೊತೆ ಹೋದ ಹೊಲಸು ಅಲ್ಲೇ ಕೂತು ಕೀವಾಗುತ್ತದೆ. ಇಂಥ ಎಷ್ಟೋ ನಾಯಿಗಳನ್ನು ಮೇಜಿನ ಮೇಲೆ ನಾನು ಹಿಡಿದುಕೊಂಡಿದ್ದೇನೆ. ಮೊದಲ ದಿನ ಬಾಲ ಅಲ್ಲಾಡಿಸುತ್ತವೆ, ಮನೆಯವರು ಬದುಕಿತು ಅಂದುಕೊಂಡು ಒಯ್ಯುತ್ತಾರೆ.

ಆ ಪೊಮೆರೇನಿಯನ್ ಸಾಕಿದ ಅಮ್ಮ ಬಿಡಿಸಲು ನಡುವೆ ಕೈ ಹಾಕಿದರು, ಅವರ ಕೈಗೆ ಗೀರು ಬಿತ್ತು ಎಂದೆ. ಕೂಡಲೇ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದರೇ? ಲಸಿಕೆ ಶುರು ಮಾಡಿದರೇ? ಇದನ್ನು ನೀನು ಹೇಳಲೇ ಇಲ್ಲ. ಬಾಣನ ರೇಬೀಸ್ ಲಸಿಕೆಯ ಕಾರ್ಡಿನ ಪ್ರತಿ ಇವತ್ತೇ ಅವರಿಗೆ ಕೊಡು. ಕಚ್ಚಿದ ದಿನದಿಂದ ಹತ್ತು ದಿನ ಅವನು ಹೇಗಿದ್ದಾನೆ ಎಂದು ದಿನಾ ಅವರಿಗೆ ತಿಳಿಸು. ಕಾರ್ಡಿದೆ, ನಾಯಿ ಆರಾಮಿದೆ ಎಂದು ಅವರು ಸೂಜಿ ಬಿಡಬಾರದು, ಅದನ್ನು ಅವರ ಡಾಕ್ಟರೇ ಹೇಳಲಿ. ಇನ್ನು ಮುಂದೆ ಎಲ್ಲೇ ನಾಯಿ ನಾಯಿ ಹಿಡಿದುಕೊಂಡರೂ ಬಾಯಿಯ ಹತ್ತಿರ ಕೈ ಒಯ್ಯಬೇಡ. ಕಚ್ಚಿ ಹಿಡಿದದ್ದನ್ನು ಜಗ್ಗಿದರೆ ಕೆಳಗಿನದರ ಗಾಯ ಇನ್ನಷ್ಟು ಹರಿಯುತ್ತದೆ. ಕೌದಿಯೋ ಚಾದರವೋ ತಲೆಯ ಮೇಲೆ ಒಗೆ, ಬಕೆಟ್ ನೀರು ಸುರಿ, ಇಬ್ಬರಿದ್ದರೆ ಹಿಂದಿನ ಕಾಲು ಎತ್ತಿ ಹಿಂದಕ್ಕೆ ಸರಿಸಬೇಕು.

ದವಾಖಾನೆಯ ಬಿಲ್ಲು ಫೋನ್‌ಪೇ ಮಾಡಿದೆ ಎಂದೆ. ಒಳ್ಳೆಯದು. ಆದರೆ ಒಂದೇ ಮಹಡಿಯಲ್ಲಿ, ನಾಲ್ಕು ಬಾಗಿಲು ಆಚೆಗೆ ಇರುವವರಿಗೆ ಹಣ ಫೋನಿನಲ್ಲಿ ಕಳಿಸಿ ಬಾಗಿಲು ಹಾಕಿಕೊಂಡು ಕೂತೆಯಲ್ಲ, ಅದು ನನಗೆ ಸೇರಲಿಲ್ಲ. ಗಂಡ ಹೋದ ಮೇಲೆ ಒಂಬತ್ತು ವರ್ಷ ಆ ನಾಯಿಯೇ ಅವರ ಜೊತೆಗಾರ ಅಂದೆ. ಹೋಗು. ಬಾಣನನ್ನು ಒಯ್ಯಬೇಡ, ಹಣ್ಣು ಹೂವು ಒಯ್ಯಬೇಡ, ಗೆಳತಿಯನ್ನೂ ಒಯ್ಯಬೇಡ. "ನನ್ನ ಕೈಯಿಂದ ತಪ್ಪಾಯಿತು" ಎನ್ನು. ಅವರು ಬೈದರೆ ಬೈಸಿಕೋ. ಬಾಗಿಲು ತೆರೆಯದಿದ್ದರೆ ಮತ್ತೊಂದು ದಿನ ಹೋಗು.

ಅಸೋಸಿಯೇಷನ್ನಿನವರು ನೋಟಿಸು ಕೊಟ್ಟಿದ್ದಾರೆ, ನಿನ್ನ ಗೆಳೆಯರು ಕಾನೂನು ಹುಡುಕಿ ಕೊಟ್ಟಿದ್ದಾರೆ. ಹೌದು, ಸಾಕುನಾಯಿ ಇಡಬೇಡಿ ಎಂದು ಸಂಘಗಳು ನಿಷೇಧ ಹಾಕುವಂತಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿ ಇದೆ. ಹೌದು, 2024ರ ಮಾರ್ಚಿನಲ್ಲಿ ಕೇಂದ್ರದವರು 23 ತಳಿಗಳ ಪಟ್ಟಿ ಮಾಡಿ ನಿಷೇಧಿಸಿ ಹೊರಡಿಸಿದ ಸುತ್ತೋಲೆಯನ್ನು ನಮ್ಮ ಹೈಕೋರ್ಟು ಏಪ್ರಿಲಿನಲ್ಲಿ ರದ್ದು ಮಾಡಿತು, ಆ ಪಟ್ಟಿಯಲ್ಲಿ ಪಿಟ್‌ಬುಲ್, ರಾಟ್‌ವೀಲರ್ ಇದ್ದವೇ ಹೊರತು ಮುಧೋಳ ಇರಲಿಲ್ಲ. ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಲ್ಲಿ ಪ್ರಾಣಿಯ ವಿಷಯದ ಅಜಾಗರೂಕತೆಗೆ ಆರು ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇದೆ, ಅದೂ ಮನುಷ್ಯರ ಜೀವಕ್ಕೆ ಅಪಾಯವಾಗುವ ಮಾತು, ನಾಯಿ ನಾಯಿಯನ್ನು ಕೊಂದದ್ದಕ್ಕೆ ನೇರ ಕೂರುವುದಿಲ್ಲ. ಇವೆಲ್ಲ ನಿನ್ನ ಪರವಾಗಿಯೇ ಇವೆ. ಇವನ್ನು ಹಿಡಿದುಕೊಂಡು ಆ ಮೀಟಿಂಗಿಗೆ ಹೋದರೆ ನೀನು ಗೆದ್ದೂ ಬರಬಹುದು, ಮರುದಿನ ಅದೇ ಲಿಫ್ಟಿನಲ್ಲಿ ಅವರ ಪಕ್ಕ ನಿಲ್ಲಬೇಕು.

ಈಗ ಊರಿಗೆ ಯಾಕೆ ಬೇಡ ಅನ್ನುವುದು. ಇದನ್ನು ನಿಮ್ಮಪ್ಪನಿಗೆ ಬಿಟ್ಟರೆ ಯಾರಿಗೂ ಹೇಳಿಲ್ಲ.

1988ರ ಬೇಸಿಗೆ. ನನ್ನ ಹತ್ತಿರ ಕೆಂಚ ಅಂತ ಒಬ್ಬ ಇದ್ದ, ಬಾಣನಿಗಿಂತ ಒಂದು ಗೇಣು ಎತ್ತರ. ಹೊಲದಲ್ಲಿ ಕುರಿ ತರುಬಿದ್ದರು. ರಾತ್ರಿ ಕೆಂಚ ಅಲ್ಲಿಗೆ ಹೋಗಿ ಕುರುಬನ ಸಣ್ಣ ನಾಯಿಯನ್ನು ಕೊಂದ. ಬೆಳಗಾದರೆ ಆ ಮನುಷ್ಯ ಕಂಬಳಿಯಲ್ಲಿ ಸುತ್ತಿಕೊಂಡು ಬಾಗಿಲಿಗೆ ಬಂದು ನಿಂತ. ನಾನು ದವಾಖಾನೆಯ ನೌಕರ, ಊರಲ್ಲಿ ನಾಲ್ಕು ಮಂದಿ 'ಸಾಹೇಬ್ರ' ಎನ್ನುವ ವಯಸ್ಸು. "ನಾಯಿ ನಾಯಿ ಜಗಳಕ್ಕ ಯಾರೇನು ಮಾಡಾಕ ಬರ್ತೈತೋ" ಎಂದು ಐವತ್ತು ರೂಪಾಯಿ ಮುಂದೆ ಹಿಡಿದೆ. ಅವನು ಹಣ ತೆಗೆದುಕೊಂಡು, "ಒಂದು ಸಲಿಕಿ ಕೊಡ್ರಿ" ಎಂದ. ಸಂಜೆ ಬಂದು ನೋಡುತ್ತೇನೆ, ಕಟ್ಟೆಯ ಮೇಲೆ ಸಲಿಕೆ ತಿರುಗಿ ತಂದಿಟ್ಟಿದ್ದ. ತೊಳೆದಿದ್ದ. ಅದರ ಮೇಲೆ ಐವತ್ತರ ನೋಟು, ಗಾಳಿಗೆ ಹಾರಬಾರದೆಂದು ಒಂದು ಮಣ್ಣಿನ ಹೆಂಟೆ.

ಅಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ಮಳೆಗಾಲಕ್ಕೆ ಪಕ್ಕದ ಓಣಿಯಲ್ಲಿ ಮತ್ತೊಂದು ನಾಯಿ ಹೋಯಿತು. ಊರವರು ಬಾಯಿ ಮಾಡಿದಾಗ ಕೆಂಚನನ್ನು ಒಂದು ಲಾರಿಗೆ ಹತ್ತಿಸಿ, ಲೋಕಾಪುರದ ಆಚೆ ಎಲ್ಲಾದರೂ ಇಳಿಸು ಎಂದು ಡ್ರೈವರನಿಗೆ ಹೇಳಿದೆ. ಹನ್ನೊಂದನೇ ದಿನ ಬಂದ. ಅಂಗಾಲುಗಳು ಸುಲಿದಿದ್ದವು, ಒಂದು ಕಣ್ಣು ಕಲ್ಲೇಟಿಗೆ ಊದಿತ್ತು. ನನ್ನನ್ನು ಕಂಡು ಬಾಲ ಆಡಿಸಿದ. ಆ ದಿನವೇ ಹಿತ್ತಲ ಬೇವಿನ ಮರಕ್ಕೆ ಕಬ್ಬಿಣದ ಸರಪಳಿ ಹಾಕಿ ಕಟ್ಟಿದೆ. ಆರು ವರ್ಷ. ಮರದ ಸುತ್ತ ಸರಪಳಿ ಎಳೆದಷ್ಟು ದೂರ ಒಂದು ವರ್ತುಲ ಆಗಿತ್ತು, ಕೊರೆದಂತೆ. ಅವನು ಸತ್ತ ಎಷ್ಟೋ ಮಳೆಗಾಲದ ಮೇಲೂ ಅಲ್ಲಿ ಹುಲ್ಲು ಏಳಲಿಲ್ಲ. ಯಾವಾಗಲೂ ಕಟ್ಟಿಟ್ಟ ನಾಯಿಯನ್ನು ಅಡ್ಡಾಡಿಸದೆ ಬಿಡುವುದು ಮಾಲೀಕನ ಅಪರಾಧ ಎಂದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲೇ ಬರೆದಿದೆ. ಆ ಕಾಯ್ದೆಯ ಪುಸ್ತಕ ನಮ್ಮ ದವಾಖಾನೆಯ ಕಪಾಟಿನಲ್ಲೇ ಇತ್ತು.

ನೀನು ಊರು ಎಂದರೆ ಬಯಲು, ಓಡಾಡಿಕೊಂಡಿರುತ್ತಾನೆ ಅಂದುಕೊಂಡಿದ್ದೀ. ಇಲ್ಲಿ ಮನೆಗೊಂದು ಆಡಿದೆ, ಕೋಳಿ ಇದೆ, ಬೆಕ್ಕಿದೆ, ಓಣಿಗೆ ಆರು ನಾಯಿ ಇವೆ. ಬಾಣ ಬಂದ ವಾರಕ್ಕೇ ಅವನ ಜಾಗ ಬೇವಿನ ಮರ. ನನಗೆ ಈಗ ಎಪ್ಪತ್ತೊಂದು, ಅವನ ಓಟಕ್ಕೆ ನನ್ನ ಕೈ ತಡೆಯುವುದಿಲ್ಲ.

ಮತ್ತೇನು ಮಾಡಬೇಕು? ಮೊದಲು ಡಾಕ್ಟರಿಗೆ ತೋರಿಸು, ನೋವಿರುವ ನಾಯಿಯೂ ಕಚ್ಚುತ್ತದೆ. ಬೀಜ ತೆಗೆಸು, ಆದರೆ ಬೆನ್ನು ಹತ್ತುವ ಗುಣ ಅದರಿಂದ ಹೋಗುತ್ತದೆ ಎಂದು ನಂಬಬೇಡ. ಬಾಯಿಗೆ ಬುಟ್ಟಿಯಂಥ ಕುಕ್ಕೆ ಹಾಕು, ಬಾಯಿ ತೆರೆದು ಏದುಸಿರು ಬಿಡಲು, ನೀರು ಕುಡಿಯಲು ಬರಬೇಕು. ಬಟ್ಟೆಯ ಬಿಗಿ ಪಟ್ಟಿ ಬೇಡ, ಸೆಖೆಗೆ ಸಾಯುತ್ತದೆ. ಮೊದಲ ಎರಡು ವಾರ ಮನೆಯೊಳಗೆ ಕುಕ್ಕೆಯಲ್ಲೇ ತಿನಿಸು ಇಟ್ಟು ರೂಢಿ ಮಾಡಿಸು, ಎತ್ತಿಗೆ ನಾವು ಮಾಡಿದ ಹಾಗೆ. ಲಿಫ್ಟ್ ಬಿಡು, ಮೆಟ್ಟಿಲು ಇಳಿ. ಬೆಳಗ್ಗೆ ಐದಕ್ಕೆ, ರಾತ್ರಿ ಹತ್ತಕ್ಕೆ ಹೊರಡು. ಬೇಲಿ ಇರುವ ಜಾಗ ಬಾಡಿಗೆಗೆ ಸಿಕ್ಕರೆ ವಾರಕ್ಕೆರಡು ಸಲ ಬಿಟ್ಟು ಓಡಿಸು. ಹೌದು, ನಿನ್ನ ನಿದ್ದೆ ಹೋಗುತ್ತದೆ, ಶನಿವಾರದ ತಿರುಗಾಟ ಹೋಗುತ್ತದೆ. ಹತ್ತು ವರ್ಷ ಹೀಗೇ.

ಇಷ್ಟು ಮಾಡಿದ ಮೇಲೂ ಅವನು ಮತ್ತೆ ಮತ್ತೆ ಕಚ್ಚಿದರೆ, ಮನುಷ್ಯರ ಮೇಲೆ ತಿರುಗಿದರೆ, ಆಗ ಕೊನೆಯ ಸೂಜಿಯ ಮಾತು ಬರುತ್ತದೆ. ಅದು ನಿನ್ನ ಮತ್ತು ಡಾಕ್ಟರ ನಡುವಿನ ಮಾತು, ಅಸೋಸಿಯೇಷನ್ನಿನ ವಾಟ್ಸಾಪಿನದಲ್ಲ. ಬಂದರೆ ಅವನ ತಲೆ ನಿನ್ನ ತೊಡೆಯ ಮೇಲಿರಬೇಕು. ಲಾರಿ ಹತ್ತಿಸುವುದಕ್ಕಿಂತ, ಗೊತ್ತಿಲ್ಲದವರಿಗೆ ಸುಳ್ಳು ಹೇಳಿ ದಾಟಿಸುವುದಕ್ಕಿಂತ ನಾನು ಅದನ್ನೇ ಮೇಲು ಅನ್ನುತ್ತೇನೆ. ನಿನಗೆ ಕಠಿಣ ಅನ್ನಿಸಬಹುದು. ಬಾಣನ ವಿಷಯಕ್ಕೆ ಅದು ಇವತ್ತಿನ ಮಾತಲ್ಲ. ಅವನು ಒಬ್ಬ ಮನುಷ್ಯನ ಮೇಲೂ ಹಲ್ಲು ತೋರಿಸಿಲ್ಲ, ಆ ಗೀರು ಕೂಡ ಜಗಳದ ನಡುವೆ ಬಿದ್ದದ್ದು.

ಪಟ್ಟಿ ನಾನೇ ಮಾಡಿಸಿ ತರುತ್ತೇನೆ. ಒಂದು ದಾರ ತೆಗೆದುಕೊಂಡು ಬಾಣನ ಕಿವಿಯ ಹಿಂದೆ, ಕುತ್ತಿಗೆ ಸಣ್ಣದಿರುವಲ್ಲಿ ಒಂದು ಸುತ್ತು, ತಲೆಯ ಅಗಲ ಇರುವಲ್ಲಿ ಒಂದು ಸುತ್ತು ಅಳೆದು ಎರಡನ್ನೂ ಕಳಿಸು. ಆ ಅಮ್ಮನ ಮನೆಗೆ ಹೋಗಿ ಬಂದ ಮೇಲೆ ಕಳಿಸು, ಅದಕ್ಕೂ ಮೊದಲು ಬೇಡ. ಅಮಾವಾಸ್ಯೆ ಕಳೆದ ಮೇಲೆ ಬಸ್ಸಿಗೆ ಕೂರುತ್ತೇನೆ, ಕಾಕು ರೊಟ್ಟಿ ಕಟ್ಟಿಕೊಡುತ್ತಾಳಂತೆ.

ಇಂತಿ ನಿನ್ನ
ಕಾಕಾ