ಗಿನಿ ಕೋಳಿಗೆ ಆಗದ ಔಷಧಿ ಮೂಟೆಯಲ್ಲಿತ್ತು, ಚೀಟಿಯಲ್ಲಿ ಇರಲಿಲ್ಲ

ಇಂದ:
ನಿಮ್ಮ ಗ್ರಾಹಕ, ತಿಪಟೂರು ತಾಲ್ಲೂಕು, ತುಮಕೂರು ಜಿಲ್ಲೆ

ಗೆ:
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ, ಕೋಳಿ ಆಹಾರ ಕಂಪನಿ

ವಿಷಯ: ನಿಮ್ಮ ಸ್ಟಾರ್ಟರ್ ಆಹಾರ ತಿಂದು ಗಿನಿ ಕೋಳಿ ಮರಿಗಳು ಸತ್ತಿರುವುದು, ಮತ್ತು ನಿಮ್ಮ ಸಹಾಯವಾಣಿ ಕೊಟ್ಟ ತಪ್ಪು ಸಲಹೆ

ಮಾನ್ಯರೇ,

ನಮ್ಮ ತೆಂಗಿನ ತೋಟದಲ್ಲಿ ಸಾಕಿದ್ದ 24 ಗಿನಿ ಕೋಳಿ ಮರಿಗಳಲ್ಲಿ 9 ಸತ್ತಿವೆ. ಉಳಿದವುಗಳಲ್ಲಿ ಕೆಲವು ಈಗಲೂ ಕಾಲೆಳೆಯುತ್ತಿವೆ. ಅವು ತಿನ್ನುತ್ತಿದ್ದದ್ದು ನಿಮ್ಮ ಕಂಪನಿಯ ಸ್ಟಾರ್ಟರ್ ಆಹಾರ, ಅಂದರೆ ಎಳೆ ಮರಿಗಳಿಗೆ ಹಾಕುವ ಆಹಾರ. ಅದರಲ್ಲಿ ಮೊನೆನ್ಸಿನ್ ಎಂಬ ಔಷಧಿ ಬೆರೆಸಿದ್ದೀರಿ ಅನ್ನುವುದು ಮೂಟೆಗೆ ಹೊಲಿದ ಚೀಟಿಯಲ್ಲಿ ಎಲ್ಲೂ ಇಲ್ಲ. ಬದಲಿಗೆ ‘ಎಲ್ಲ ಜಾತಿಯ ಕೋಳಿಮರಿಗಳಿಗೆ’ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿದೆ. ನನ್ನ ದೂರಿನ ಮೂಲ ಇದೇ.

ಗಿನಿ ಕೋಳಿ ಮರಿಗೆ ಮಾಮೂಲಿ ಕೋಳಿಮರಿಗಿಂತ ಪ್ರೋಟೀನ್ ಜಾಸ್ತಿ ಬೇಕು. ಮೊದಲ ವಾರಗಳಲ್ಲಿ ಶೇಕಡಾ 24ರ ಆಸುಪಾಸು ಇರಬೇಕು. ಅದಕ್ಕೇ ಅಂಗಡಿಯಲ್ಲಿ ಗಿನಿ ಕೋಳಿಗೆ ಅಂತ ಹೇಳಿಯೇ ಕೇಳಿದೆ. ನಿಮ್ಮ ಡೀಲರ್ ಈ ಮೂಟೆ ತೋರಿಸಿ, ಯಾವ ಮರಿಗಾದರೂ ಹಾಕಬಹುದು ಎಂದರು. ಅವರನ್ನು ನಾನು ದೂರುವುದಿಲ್ಲ. ಚೀಟಿಯಲ್ಲಿ ಇದ್ದದ್ದನ್ನೇ ಅವರು ಓದಿ ಹೇಳಿದ್ದು.

ಹೊಸ ಮೂಟೆ ಬಿಚ್ಚಿ ವಾರ ತುಂಬುವ ಮೊದಲೇ ಮರಿಗಳು ಮೇವು ಬಿಟ್ಟವು. ಆಮೇಲೆ ಕಾಲು ಸೋತವು. ಎದ್ದು ನಿಲ್ಲಲು ನೋಡಿ ಮುಗ್ಗರಿಸುತ್ತಿದ್ದವು. ಕೆಲವು ಎರಡೂ ಕಾಲು ಹಿಂದಕ್ಕೆ ಚಾಚಿ ಎದೆಯ ಮೇಲೆ ಮಲಗಿಬಿಟ್ಟವು. ಕಣ್ಣು ಚುರುಕಾಗಿಯೇ ಇತ್ತು, ಕರೆದರೆ ತಲೆ ಎತ್ತುತ್ತಿದ್ದವು, ಕಾಲು ಮಾತ್ರ ಮಾತು ಕೇಳುತ್ತಿರಲಿಲ್ಲ. ಅದೇ ಅಂಗಳದಲ್ಲಿ ಅದೇ ಆಹಾರ ತಿಂದ ನಾಟಿ ಕೋಳಿಮರಿಗಳಿಗೆ ಏನೂ ಆಗಿರಲಿಲ್ಲ.

ನಿಮ್ಮ ಸಹಾಯವಾಣಿಗೆ ಫೋನ್ ಮಾಡಿ ಇದನ್ನೆಲ್ಲ ವಿವರಿಸಿದೆ. ಬಂದ ಉತ್ತರ: ‘ವಿಟಮಿನ್ ಕೊರತೆ ಇರಬೇಕು, ಆಹಾರ ಮಾತ್ರ ನಿಲ್ಲಿಸಬೇಡಿ, ಬೇಕಾದರೆ ನೀರಿಗೆ ಟಿಯಾಮುಲಿನ್ ಹಾಕಿ.’ ಈ ಮಾತಿನಿಂದ ನನಗೆ ಆದ ಸಂಕಟವನ್ನು ಹೇಗೆ ಬರೆಯಲಿ! ಆಹಾರದಲ್ಲಿ ಮೊನೆನ್ಸಿನ್ ಇದ್ದಾಗ ಟಿಯಾಮುಲಿನ್ ಎಂಬ ಈ ಆಂಟಿಬಯೋಟಿಕ್ ಕೊಡಬಾರದು. ಮೊನೆನ್ಸಿನ್ ಅನ್ನು ದೇಹ ಅರಗಿಸಿ ಹೊರಹಾಕುವುದನ್ನೇ ಅದು ತಡೆಯುತ್ತದೆ. ಹಾಗಾಗಿ ಮೊನೆನ್ಸಿನ್ ತಡೆದುಕೊಳ್ಳುವ ಮಾಮೂಲಿ ಕೋಳಿಗೂ ಇವೆರಡು ಸೇರಿದರೆ ವಿಷ. ಕೋಳಿ ಆಹಾರ ಮಾರುವ ಕಂಪನಿಗೆ ಇದು ಗೊತ್ತಿರಲೇಬೇಕು, ಅಲ್ವಾ? ನಮ್ಮ ಪುಣ್ಯಕ್ಕೆ ಆ ಔಷಧಿ ಊರಿನ ಅಂಗಡಿಯಲ್ಲಿ ಸಿಗಲಿಲ್ಲ. ಆದರೆ ನಿಮ್ಮ ಮಾತು ನಂಬಿ ಆಹಾರ ಮುಂದುವರಿಸಿದೆವು. ಹೆಚ್ಚಿನ ಮರಿಗಳು ಸತ್ತದ್ದು ಆಗಲೇ.

ಪಶು ಆಸ್ಪತ್ರೆಯ ಡಾಕ್ಟರು ಮೊದಲು ಕೊಕ್ಕರೆ ರೋಗ (ರಾಣಿಖೇತ್) ಇರಬಹುದೇ ಎಂದು ನೋಡಿದರು. ಕತ್ತು ತಿರುಚಿರಲಿಲ್ಲ, ಹಸಿರು ಭೇದಿ ಇರಲಿಲ್ಲ, ಉಸಿರಾಟ ಸರಿಯಾಗಿತ್ತು. ಸತ್ತ ಮರಿಯನ್ನು ಕೊಯ್ದು ನೋಡಿದಾಗ ಕರುಳಿನಲ್ಲಿ ರಕ್ತಭೇದಿಯ ಗುರುತೂ ಇರಲಿಲ್ಲ. ಹೃದಯ ಮತ್ತು ತೊಡೆಯ ಮಾಂಸ ಬಿಳಿಚಿಕೊಂಡಿತ್ತು. ‘ಆಹಾರದಲ್ಲಿ ಏನು ಬೆರೆಸಿದ್ದಾರೆ ಅಂತ ಕಂಪನಿಯವರನ್ನೇ ಕೇಳಿ’ ಎಂದರು. ಪಟ್ಟು ಹಿಡಿದು ಕೇಳಿದ ಮೇಲೆ ನಿಮ್ಮವರು ಮೊನೆನ್ಸಿನ್ ಹೆಸರು ಬಾಯಿಬಿಟ್ಟರು.

ಮಾಮೂಲಿ ಕೋಳಿಗೆ ಮೊನೆನ್ಸಿನ್ ಒಳ್ಳೆಯ ಔಷಧಿಯೇ. ರಕ್ತಭೇದಿ ಬಾರದಂತೆ ಒಂದು ಟನ್ ಆಹಾರಕ್ಕೆ ಸುಮಾರು 100 ಗ್ರಾಂ ಬೆರೆಸುತ್ತಾರೆ. ಅದನ್ನು ಬಳಸಲೇಬೇಡಿ ಎಂದು ನಾನು ಹೇಳುತ್ತಿಲ್ಲ. ಆದರೆ ಕುದುರೆ ಮತ್ತು ಗಿನಿ ಕೋಳಿ ಇದನ್ನು ತಿಂದು ಸತ್ತಿವೆ, ಅವುಗಳಿಗೆ ಸಿಗದಂತೆ ಇಡಿ ಎಂದು ಅಮೆರಿಕದಲ್ಲಿ ಮಾರುವ ಮೊನೆನ್ಸಿನ್ ಲೇಬಲ್ ಮೇಲೇ ಇದೆ. ಅಲ್ಲಿ ಹಾಕುವ ಎಚ್ಚರಿಕೆ ಇಲ್ಲಿನ ಮೂಟೆಗೆ ಯಾಕಿಲ್ಲ? ನಮ್ಮ ಮೂಟೆಯಲ್ಲಿ ಔಷಧಿ ಸಮನಾಗಿ ಬೆರೆಯದೆ ಒಂದೇ ಕಡೆ ಜಾಸ್ತಿ ಬಿದ್ದಿತ್ತೋ ಏನೋ, ಅದನ್ನು ಪರೀಕ್ಷೆ ಮಾಡಿ ಹೇಳಬೇಕಾದವರು ನೀವು.

ಈ ವಿಷಕ್ಕೆ ಮದ್ದಿಲ್ಲ. ಆಹಾರ ನಿಲ್ಲಿಸಿ ಆರೈಕೆ ಮಾಡುವುದೊಂದೇ ದಾರಿ. ನಾಳೆ ಇನ್ನೊಬ್ಬರು ನಿಮಗೆ ಫೋನ್ ಮಾಡಿದರೆ ಹೇಳಲು ಏನಾದರೂ ಇರಲಿ ಎಂದು, ಡಾಕ್ಟರ ಮಾತಿನಂತೆ ನಾವು ಮನೆಯಲ್ಲಿ ಮಾಡಿದ್ದನ್ನು ಬರೆಯುತ್ತಿದ್ದೇನೆ. ಮೊದಲು ಮೇವಿನ ತಟ್ಟೆಗಳನ್ನೆಲ್ಲ ತೊಳೆದು, ರಾಗಿ ನುಚ್ಚು, ಪುಡಿ ಮಾಡಿದ ಮೆಕ್ಕೆಜೋಳ, ಬೇಯಿಸಿ ಹಿಸುಕಿದ ಮೊಟ್ಟೆ, ಸಣ್ಣಗೆ ಹೆಚ್ಚಿದ ನುಗ್ಗೆಸೊಪ್ಪು ಇಟ್ಟೆವು. ಮಲಗಿದ ಮರಿಗಳನ್ನು ಬೇರೆ ಪೆಟ್ಟಿಗೆಗೆ ಹಾಕಿ, ಕೆಳಗೆ ಗೋಣಿಚೀಲ ಹಾಸಿದೆವು. ಪೇಪರ್ ಹಾಸಿದರೆ ಜಾರಿ, ಇರುವ ಕಾಲೂ ಅಗಲಿ ಹೋಗುತ್ತದೆ. ಕಾಲನ್ನು ಹೊಟ್ಟೆಯ ಕೆಳಗೆ ಮಡಚಿ, ಎರಡೂ ಪಕ್ಕ ಬಟ್ಟೆಯ ಸುರುಳಿ ಒತ್ತುಕೊಟ್ಟು ಕೂರಿಸಿದೆವು. ನೀರಿಗೆ ಓಆರ್‌ಎಸ್ ಬೆರೆಸಿ ಡ್ರಾಪರ್‌ನಲ್ಲಿ ಕೊಕ್ಕಿನ ಅಂಚಿಗೆ ಒಂದೊಂದೇ ಹನಿ ಬಿಟ್ಟೆವು. ಗಂಟಲಿಗೆ ಸುರಿದರೆ ಉಸಿರುನಾಳಕ್ಕೆ ಹೋಗಿ ಮರಿ ಸಾಯುತ್ತದೆ. ವಿಟಮಿನ್ ಇ ಮತ್ತು ಸೆಲೆನಿಯಂ ಎಷ್ಟು ಕೊಡಬೇಕೆಂದು ಡಾಕ್ಟರೇ ಬರೆದುಕೊಟ್ಟರು.

ಗಿನಿ ಕೋಳಿ ಒಂಟಿಯಾಗಿ ಇರುವ ಹಕ್ಕಿಯಲ್ಲ. ಬೇರೆ ಕೋಣೆಯಲ್ಲಿ ಇಟ್ಟರೆ ಕೂಗಿ ಕೂಗಿಯೇ ಸುಸ್ತಾಗುತ್ತದೆ. ಅದಕ್ಕೆ ಮಧ್ಯೆ ಬರೀ ಜಾಲರಿ ಕಟ್ಟಿ, ಉಳಿದ ಮರಿಗಳ ಪಕ್ಕದಲ್ಲೇ ಪೆಟ್ಟಿಗೆ ಇಟ್ಟೆವು. ಸುಮ್ನೆ ಹಿಡಿಯುವುದು, ಅಟ್ಟಿಸುವುದು ಬೇಡವೇ ಬೇಡ. ಇದು ಮೊದಲೇ ಗಾಬರಿ ಜಾತಿ, ಈ ಔಷಧಿ ಪೆಟ್ಟು ಕೊಡುವುದು ಹೃದಯಕ್ಕೆ. ಓಡಾಡುತ್ತಿದ್ದ ಒಂದು ಮರಿ ನಾಯಿ ಬೊಗಳಿದ ಸದ್ದಿಗೆ ಹಾರಿ, ಅಲ್ಲೇ ಬಿದ್ದು ಪ್ರಾಣ ಬಿಟ್ಟಿತು. ಆಮೇಲೆ ಹಿಕ್ಕೆ ಒರೆಸುವುದು, ಮಗ್ಗುಲು ಬದಲಿಸುವುದು ಎಲ್ಲವನ್ನೂ ಮಬ್ಬು ಬೆಳಕಿನಲ್ಲಿ, ಸದ್ದಿಲ್ಲದೆ ಮಾಡಿದೆವು. ರಾತ್ರಿಯೆಲ್ಲ ಕಾವಿಗೆ ಬಲ್ಬ್ ಉರಿಸಿ ಸರದಿಯ ಮೇಲೆ ಕಾಯುತ್ತಿದ್ದೆವು. ಕೊಕ್ಕು ತೆರೆದು ಏದುಸಿರು ಬಿಟ್ಟರೆ ಬಲ್ಬ್ ಮೇಲಕ್ಕೆ, ಮುದುಡಿಕೊಂಡರೆ ಕೆಳಕ್ಕೆ. ಕಾಲಿಲ್ಲದ ಮರಿ ತಾನಾಗಿ ಸರಿದುಕೊಳ್ಳಲಾರದಲ್ಲ.

ಈ ಹಕ್ಕಿಗಳು ನಮಗೆ ಮಾಂಸದ ಲೆಕ್ಕವಲ್ಲ. ತೋಟದಲ್ಲಿ ಹುಳು ಹೆಕ್ಕುತ್ತವೆ, ಹಾವು ಕಂಡರೆ ಊರಿಗೆಲ್ಲ ಕೇಳುವಂತೆ ಕೂಗುತ್ತವೆ. ಮಕ್ಕಳು ಓಡಾಡುವ ಮನೆಗೆ ಇದು ದೊಡ್ಡ ಧೈರ್ಯ.

ಹಾಗಾಗಿ ನಿಮ್ಮಿಂದ ನಾನು ಕೇಳುವುದು ಇಷ್ಟು. ಆಹಾರದಲ್ಲಿ ಬೆರೆಸಿದ ಔಷಧಿಯ ಹೆಸರು ಮತ್ತು ಪ್ರಮಾಣವನ್ನು ಪ್ರತಿ ಮೂಟೆಯ ಚೀಟಿಯಲ್ಲೂ ಕನ್ನಡದಲ್ಲಿ ಹಾಕಿ. ‘ಗಿನಿ ಕೋಳಿ, ಕುದುರೆಗೆ ಕೊಡಬೇಡಿ, ಟಿಯಾಮುಲಿನ್ ಜೊತೆ ಬಳಸಬೇಡಿ’ ಎಂಬ ಸಾಲು ಅದರ ಜೊತೆಗಿರಲಿ. ‘ಎಲ್ಲ ಜಾತಿಯ ಕೋಳಿಮರಿಗಳಿಗೆ’ ಎಂಬುದನ್ನು ತೆಗೆಯಿರಿ. ಈಗಾಗಲೇ ಅಂಗಡಿಗಳಲ್ಲಿ ಇರುವ ಮೂಟೆಗಳ ಬಗ್ಗೆ ಡೀಲರ್‌ಗಳಿಗೆ ಈ ವಾರವೇ ತಿಳಿಸಿ, ತಡ ಮಾಡಬೇಡಿ. ಸಹಾಯವಾಣಿಯಲ್ಲಿ ಕೂರುವವರು ಔಷಧಿ ಹೆಸರು ಹೇಳುವ ಮೊದಲು ಪಶುವೈದ್ಯರನ್ನು ಕೇಳಬೇಕು. ನಮ್ಮ ಬ್ಯಾಚ್‌ನ ಪರೀಕ್ಷಾ ವರದಿ ನನಗೆ ಬೇಕು. ಸತ್ತ ಮರಿಗಳ ಬೆಲೆ, ಮೂಟೆಯ ಹಣ, ಚಿಕಿತ್ಸೆಯ ಖರ್ಚು ವಾಪಸ್ ಕೊಡಬೇಕು.

ಉಳಿದ ಅರ್ಧ ಮೂಟೆಯನ್ನು ಬಾಯಿ ಕಟ್ಟಿ ಒಣ ಜಾಗದಲ್ಲಿ ತೆಗೆದಿಟ್ಟಿದ್ದೇನೆ. ಮಾದರಿ ತೆಗೆದುಕೊಳ್ಳಲು ನಿಮ್ಮವರು ಬಂದರೆ ಡಾಕ್ಟರ ಎದುರಿಗೆ ಕೊಡುತ್ತೇನೆ. 15 ದಿನಗಳಲ್ಲಿ ಬರವಣಿಗೆಯಲ್ಲಿ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸುತ್ತೇನೆ. ಅಲ್ಲೂ ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ತುಮಕೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ಖರೀದಿ ರಸೀದಿ, ಬ್ಯಾಚ್ ಸಂಖ್ಯೆ ಕಾಣುವ ಚೀಟಿಯ ಫೋಟೋ, ಪಶುವೈದ್ಯರ ವರದಿಯ ಪ್ರತಿ, ಮರಿಗಳ ಫೋಟೋಗಳು